ಪಕ್ಕದ ಗಾಡಿಯ ನೀಲಿ ಕೂಲೆಂಟ್

ಏರುರಸ್ತೆ ಬಂತೆಂದರೆ ಲಾಂಡ್ರಿ ಗಾಡಿಯ ಮೈ ಬಿಸಿಯಾಗುತ್ತಿತ್ತು. ಮೀಟರಿನ ಮೂಲೆಯಲ್ಲಿ ಪುಟ್ಟದೊಂದು ಆಮೆಯ ಚಿತ್ರ ಹೊತ್ತಿಕೊಳ್ಳುತ್ತಿತ್ತು. ಅದು ಹೊತ್ತಿತೋ, ಎಷ್ಟು ಒತ್ತಿದರೂ ಗಾಡಿ ಆಮೆಯೇ.

ಗಾಡಿ ಮನೆಯ ದೊಡ್ಡ ಸೊಸೆಯದು; ಲಾಂಡ್ರಿ ನಡೆಸುವವಳು ಅವಳೇ. ಹತ್ತು ವರ್ಷ ಹಳೆಯ, ಬ್ಯಾಟರಿಯಲ್ಲಿ ಓಡುವ ಬಿಳಿ ವ್ಯಾನು. ದಿನಾ ಬೆಳಿಗ್ಗೆ ಎಂಟರೊಳಗೆ ದಿಬ್ಬದ ಮೇಲಿನ ಆಸ್ಪತ್ರೆಗೆ ಒಗೆದು ಇಸ್ತ್ರಿ ಮಾಡಿದ ಅರವತ್ತು ಬೆಡ್‌ಶೀಟು ಮುಟ್ಟಿಸಬೇಕು. ಆಗಲೇ ಎರಡು ಸಲ ತಡವಾಗಿತ್ತು. "ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀವಿ," ಎಂದಿದ್ದರು ಅಲ್ಲಿಯ ಹಿರಿಯ ನರ್ಸ್. ಆಸ್ಪತ್ರೆ ಕೈಬಿಟ್ಟರೆ ಲಾಂಡ್ರಿ ಮುಚ್ಚಿದಂತೆಯೇ.

ಚಿಕ್ಕ ಸೊಸೆ ಬೇಕರಿಯವಳು. ಅವಳದೂ ಅಷ್ಟೇ ಹಳೆಯ ಬಿಳಿ ಬ್ಯಾಟರಿ ವ್ಯಾನು, ಕಂಪನಿ ಮಾತ್ರ ಬೇರೆ. ಹನ್ನೆರಡು ಅಂಗಡಿಗೆ ಬ್ರೆಡ್ ಹಾಕಿ ಬರುತ್ತಿತ್ತು. ದಿಬ್ಬದಲ್ಲಿ ಒಂದು ದಿನವೂ ಏದುಸಿರು ಬಿಟ್ಟದ್ದಿಲ್ಲ.

"ಚಿಕ್ಕವಳ ಗಾಡಿ ನೋಡು, ತುಟಿಪಿಟಕ್ ಅನ್ನದೆ ದುಡಿಯುತ್ತೆ," ಎನ್ನುತ್ತಿದ್ದರು ಅತ್ತೆ, ಬೇಕೆಂದೇ ದೊಡ್ಡವಳಿಗೆ ಕೇಳುವ ಹಾಗೆ.

ದೊಡ್ಡವಳಿಗೆ ಹೊಟ್ಟೆಯೊಳಗೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತಾಗುತ್ತಿತ್ತು.

ಒಂದು ಭಾನುವಾರ ಚಿಕ್ಕವಳು ಅಂಗಳದಲ್ಲಿ ಬಾನೆಟ್ ಎತ್ತಿ ಏನನ್ನೋ ನೋಡುತ್ತಿದ್ದಳು. ದೊಡ್ಡವಳು ಒಣಹಾಕಿದ ಎರಡು ಬೆಡ್‌ಶೀಟುಗಳ ಸಂದಿಯಿಂದ ಇಣುಕಿದಳು. ಗಾಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀಲಿ ದ್ರವ ಫಳಫಳ ಎನ್ನುತ್ತಿತ್ತು. ಚಿಕ್ಕವಳು ಒಳಗೆ ಹೋದದ್ದೇ ತಡ, ಇವಳು ತನ್ನ ಬಾನೆಟ್ ಎತ್ತಿದಳು. ತನ್ನದು ಗುಲಾಬಿ, ಅದೂ ಡಬ್ಬಿಯ ಮೇಲಿನ ಎರಡು ಗೆರೆಗಳಲ್ಲಿ ಕೆಳಗಿನದಕ್ಕಿಂತಲೂ ಕೆಳಗೆ.

"ಗೊತ್ತಾಯ್ತು ಬಿಡಿ ಅವಳ ಗುಟ್ಟು," ಎಂದಳು ಗಂಡನಿಗೆ. "ಬ್ಯಾಟರಿ ತಣ್ಣಗಿಡೋಕೆ ನೀಲಿ ಕೂಲೆಂಟ್ ಹಾಕ್ತಾಳೆ."

"ಅವಳನ್ನೇ ಒಂದು ಮಾತು ಕೇಳಬಾರದಾ?"

"ನಾನು ಈ ಮನೆಗೆ ಮೊದಲು ಬಂದವಳು. ಅವಳ ಹತ್ರ ಗಾಡಿ ಪಾಠ ಹೇಳಿಸ್ಕೊಳ್ಳಲಾ?"

"ಹೋಗಲಿ, ಗಾಡಿ ಜೊತೆ ಕೊಟ್ಟಿದ್ರಲ್ಲ, ಆ ಪುಸ್ತಕ ನೋಡು."

ಪುಸ್ತಕ ಇಸ್ತ್ರಿ ಮೇಜಿನ ಕುಂಟುಕಾಲಿನ ಕೆಳಗಿತ್ತು. ತೆಗೆದರೆ ಮೇಜು ಅಲ್ಲಾಡುತ್ತದೆ. ಅವಳು ತೆಗೆಯಲಿಲ್ಲ. ಸೀದಾ ಅಂಗಡಿಗೆ ಹೋಗಿ ನೀಲಿ ಕೂಲೆಂಟ್ ತಂದು ಮೇಲಿನ ಗೆರೆಯವರೆಗೆ ಸುರಿದಳು. ಗುಲಾಬಿಯೂ ನೀಲಿಯೂ ಸೇರಿ ನೇರಳೆಯಾಯಿತು. ಇರಲಿ, ಚೆನ್ನಾಗೇ ಇದೆ ಅಂದುಕೊಂಡಳು.

ಎರಡು ವಾರ ತಲೆಯೆತ್ತಿ ಓಡಾಡಿದ್ದೇ ಬಂತು. ಮೂರನೆಯ ವಾರ ಬೆಳಿಗ್ಗೆ ಏಳೂವರೆಗೆ, ದಿಬ್ಬದ ಅರ್ಧದಲ್ಲಿ ಆಮೆ ಹೊತ್ತಿತು. ಅದರ ಪಕ್ಕದಲ್ಲಿ ಕೆಂಪು ದೀಪವೂ ಹೊತ್ತಿತು. ಗಾಡಿ ನಿಂತೇಬಿಟ್ಟಿತು. ಹಿಂದೆ ಅರವತ್ತು ಬೆಡ್‌ಶೀಟು, ಪೊಟ್ಟಣ ಕಟ್ಟಿಕೊಂಡು ಕೂತಿದ್ದವು.

ಅವಳು ಬಾನೆಟ್ ಎತ್ತಿ ಕೂಲೆಂಟ್ ಡಬ್ಬಿಯ ಮುಚ್ಚಳಕ್ಕೆ ಕೈಹಾಕಿದಳು.

"ಅಕ್ಕಾ, ಮುಟ್ಟಬೇಡ. ಬಿಸಿ ಇದೆ, ಮುಖಕ್ಕೆ ಹಾರುತ್ತೆ."

ಯಾರು ನೋಡಬಾರದೋ ಅವಳೇ. ಬೇಕರಿ ಗಾಡಿ ಹಿಂದೆ ಬಂದು ನಿಂತಿತ್ತು.

"ನೀನು ಹೋಗಮ್ಮ, ನಿನ್ನ ಬ್ರೆಡ್ ಆರಿಹೋಗುತ್ತೆ," ಎಂದಳು ದೊಡ್ಡವಳು, ತಿರುಗಿ ನೋಡದೆ.

"ಬ್ರೆಡ್ಡೆಲ್ಲ ಹಾಕಿ ಆಯ್ತು, ಗಾಡಿ ಖಾಲಿ. ಕೋಪ ಆಮೇಲೆ ಮಾಡ್ಕೋ, ಮೊದಲು ಪೊಟ್ಟಣ ಎತ್ತು."

ಇಬ್ಬರೂ ಪೊಟ್ಟಣಗಳನ್ನು ಬೇಕರಿ ಗಾಡಿಗೆ ಹೇರಿದರು. ಎಂಟಕ್ಕೆ ಎರಡು ನಿಮಿಷ ಇರುವಾಗ ಆಸ್ಪತ್ರೆಯ ಬಾಗಿಲಲ್ಲಿದ್ದರು. ಹಿರಿಯ ನರ್ಸ್ ಗಡಿಯಾರ ನೋಡಿ, ಪೊಟ್ಟಣವೊಂದನ್ನು ಮೂಸಿ, "ಇವತ್ತೇನು ಬ್ರೆಡ್ ವಾಸನೆ?" ಎಂದರು. ಅಷ್ಟೇ. ಕೆಲಸ ಉಳಿಯಿತು.

ಮಧ್ಯಾಹ್ನ ಗಾಡಿಯನ್ನು ಗ್ಯಾರೇಜಿಗೆ ಎಳೆಸಿ ತಂದರು. ಮೆಕ್ಯಾನಿಕ್ ತಣ್ಣಗಾದ ಗಾಡಿಯಿಂದ ಕೂಲೆಂಟ್ ಇಳಿಸಿದ. ಬೋಗುಣಿಗೆ ಬಿದ್ದದ್ದು ನೀರಲ್ಲ, ಮಂದವಾದ ಲೋಳೆ.

"ಇದೇನಿದು, ನಾನು ಸೀರೆಗೆ ಹಾಕೋ ಗಂಜಿ ಇದ್ದ ಹಾಗಿದೆ," ಎಂದಳು ದೊಡ್ಡವಳು.

"ಎರಡು ಜಾತಿ ಕೂಲೆಂಟ್ ಬೆರೆಸಿದ್ರೆ ಕೆಲವು ಸಲ ಹೀಗೇ ಗಟ್ಟಿಯಾಗುತ್ತೆ, ಅಕ್ಕ. ಪಂಪು ಕಟ್ಟಿಕೊಂಡಿದೆ. ಬ್ಯಾಟರಿ ತಣ್ಣಗಾಗೋಕೆ ದಾರಿಯೇ ಇಲ್ಲ. ಗಾಡಿ ತಾನೇ ನಿಂತ್ಕೊಂಡಿದ್ದು ಒಳ್ಳೇದಾಯ್ತು."

"ಅವಳ ಗಾಡಿಗೆ ನೀಲೀನೇ ಅಲ್ವಾ?"

"ಅದು ಅವರ ಗಾಡಿಗೆ. ಬಣ್ಣ ನೋಡಿ ಹಾಕೋ ವಸ್ತು ಅಲ್ಲ ಇದು. ಯಾವುದು ಹಾಕ್ಬೇಕು, ಎಷ್ಟು ವರ್ಷಕ್ಕೆ ಬದಲಾಯಿಸ್ಬೇಕು, ಎಲ್ಲಾ ಗಾಡಿ ಪುಸ್ತಕದಲ್ಲಿರುತ್ತೆ. ಕೆಲವು ಬ್ಯಾಟರಿ ಗಾಡಿಗೆ ಕರೆಂಟ್ ಹರಿಯದಂಥ ಬೇರೆ ಕೂಲೆಂಟೇ ಬೇಕು. ಮತ್ತೆ, ನಿಮ್ಮದು ಕೆಳಗಿಳಿದಿತ್ತು ಅಂದ್ರಲ್ಲ, ಯಾಕೆ ಅಂತ ಕೇಳಿದ್ರಾ? ಈ ಪೈಪು ಜಿನುಗ್ತಾ ಇದೆ. ತುಂಬಿಸ್ತಾ ಹೋದ್ರೆ ತೂತು ಮುಚ್ಚುತ್ತಾ?"

ದೊಡ್ಡವಳು ಬಗ್ಗಿ ಜಿನುಗುವ ಪೈಪು ನೋಡಿದಳು. ಪಕ್ಕದಲ್ಲಿದ್ದ ಚಿಕ್ಕವಳು ಸೆರಗಿನ ತುದಿ ತಿರುವುತ್ತ ಮೆಲ್ಲಗೆ ಹೇಳಿದಳು: "ಹೋದ ವರ್ಷ ನಾನು ನಲ್ಲಿ ನೀರು ಸುರಿದಿದ್ದೆ, ಅಕ್ಕ. ಒಳಗೆಲ್ಲ ತುಕ್ಕು. ಪೂರ್ತಿ ತೊಳೆಸಿ ಹೊಸದು ಹಾಕಿಸಬೇಕಾಯ್ತು."

"ಒಂದು ಮಾತೂ ಹೇಳಲಿಲ್ಲವಲ್ಲೇ."

"ಹೇಗೆ ಹೇಳ್ಲಿ? ಅತ್ತೆ ಯಾವಾಗ್ಲೂ ನನ್ನ ಹತ್ರ, 'ದೊಡ್ಡವಳ ಕೈಲಿ ಒಂದು ವಸ್ತು ಕೆಟ್ಟದ್ದಿಲ್ಲ' ಅಂತಾರೆ. ನಿನಗೆ ಗೊತ್ತಾದ್ರೆ ನಗ್ತೀಯ ಅಂದ್ಕೊಂಡೆ."

ದೊಡ್ಡವಳು ಅವಳ ಮುಖವನ್ನೇ ನೋಡಿದಳು. ಆಮೇಲೆ ನಗು ತಡೆಯಲಾಗಲಿಲ್ಲ. ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಆರುವುದಿಲ್ಲ, ನಿಜ. ಮನೆಗೆ ವಾಪಸು ಬರುವಾಗಲೂ ಚಿಕ್ಕವಳ ಗಾಡಿಯ ಮೆತ್ತನೆಯ ಸೀಟು ಅವಳನ್ನು ಸ್ವಲ್ಪ ಚುಚ್ಚಿತು. ಆದರೆ ಮನೆಗೆ ಬಂದವಳೇ ಇಸ್ತ್ರಿ ಮೇಜಿನ ಕಾಲಡಿಯಿಂದ ಪುಸ್ತಕ ತೆಗೆದು ಧೂಳು ಒರೆಸಿದಳು. ಮೇಜಿಗೆ ಮರದ ತುಂಡು ಕೊಟ್ಟಳು.

ಈಗ ಪ್ರತಿ ಭಾನುವಾರ ಅಂಗಳದಲ್ಲಿ ಎರಡು ಬಾನೆಟ್ ಒಟ್ಟಿಗೆ ಏಳುತ್ತವೆ. ಕಳೆದ ವಾರ ಅತ್ತೆ ಕಟ್ಟೆಯ ಮೇಲಿಂದ, "ಚಿಕ್ಕವಳ ಗಾಡಿ ನೋಡು..." ಎಂದು ಶುರು ಮಾಡಿದರು.

"ನೋಡಿದೆ ಅತ್ತೆ," ಎಂದಳು ದೊಡ್ಡವಳು. "ಅವಳದು ನೀಲಿ, ನನ್ನದು ಗುಲಾಬಿ. ಎರಡೂ ಗೆರೆ ಮಧ್ಯೆ ಇವೆ."

ನಿಮ್ಮ ಮನೆಯಲ್ಲೂ ಹಳೆಯ ಬ್ಯಾಟರಿ ಗಾಡಿ ಇದೆಯೇ? ದಿನವಿಡೀ ದುಡಿದು ಬಂದವರಿಗೆ ಬಾನೆಟ್ ಎತ್ತುವಷ್ಟು ತ್ರಾಣ ಉಳಿದಿರುವುದಿಲ್ಲ, ಗೊತ್ತು. ಆದರೂ ವಾರಕ್ಕೊಮ್ಮೆ, ಗಾಡಿ ತಣ್ಣಗಿರುವಾಗ, ಕೂಲೆಂಟ್ ಎರಡು ಗೆರೆಗಳ ನಡುವೆ ಇದೆಯೇ ಎಂದು ಒಂದು ನಿಮಿಷ ನೋಡಿ. ಬಿಸಿ ಗಾಡಿಯ ಮುಚ್ಚಳ ತೆರೆಯಬೇಡಿ, ಭಾರೀ ಕರೆಂಟ್ ಹರಿಯುವ ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಮುಟ್ಟಬೇಡಿ. ಪುಸ್ತಕ ಹೇಳಿದ್ದನ್ನೇ ಹಾಕಿ; ನಲ್ಲಿ ನೀರು ಬೇಡ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಮತ್ತೆ ಮತ್ತೆ ತುಂಬಿಸದೆ ಮೆಕ್ಯಾನಿಕ್‌ಗೆ ತೋರಿಸಿ. ಕೂಲೆಂಟ್ ಪೂರ್ತಿ ಬದಲಾಯಿಸುವುದನ್ನೂ ಅವರಿಗೇ ಬಿಡಿ. ಕೂಲೆಂಟ್ ವಿಷ, ರುಚಿ ಮಾತ್ರ ಸಿಹಿ. ಮಕ್ಕಳಿಗೂ ನಾಯಿಬೆಕ್ಕಿಗೂ ಸಿಗದಂತೆ ಇಡಿ, ಚರಂಡಿಗೆ ಚೆಲ್ಲಬೇಡಿ.

ಪಕ್ಕದವರ ಗಾಡಿ ಚೆನ್ನಾಗಿ ಓಡುತ್ತಿದ್ದರೆ ಸಂದಿಯಿಂದ ಇಣುಕಬೇಡಿ. ಹೋಗಿ ಕೇಳಿ. ಅವರೂ ಏನೋ ಒಂದು ಕೆಡಿಸಿಕೊಂಡೇ ಕಲಿತಿರುತ್ತಾರೆ.