ಹಿಂಡುವ ಯಂತ್ರದ ಮುಂದೆ

ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ ಅದು. ಒಳಗೆಲ್ಲ ಹಬೆ, ಸೋಡಾದ ಘಾಟು. ಇಸ್ತ್ರಿ ಹಾಕುವವಳನ್ನು ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳ ಒಡಹುಟ್ಟಿದ ತಂಗಿಯೂ ಅಲ್ಲೇ, ಬಟ್ಟೆ ಹಿಂಡುವ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಕೈ ಸಿಕ್ಕಿಕೊಳ್ಳದಂತೆ ಯಂತ್ರದ ಉರುಳೆಗಳಿಗೆ ಅಡ್ಡವಾಗಿ ಒಂದು ಜಾಲರಿ ಇತ್ತು. ಅದಿದ್ದರೆ ಕೆಲಸ ನಿಧಾನವೆಂದು ಮೇಸ್ತ್ರಿ ಕಳಚಿಟ್ಟಿದ್ದ. "ಕೈ ಜೋಪಾನ, ಅಷ್ಟೇ" ಅಂದಿದ್ದ.

ಆವತ್ತು ಬೆಳಿಗ್ಗೆ ಒದ್ದೆ ಬಟ್ಟೆಯ ಜೊತೆ ತಂಗಿಯ ಬಲಗೈಯೂ ಒಳಗೆ ಹೋಯಿತು. ಬೆರಳುಗಳು ಉಳಿಯಲಿಲ್ಲ.

ಅವಳನ್ನು ಆಸ್ಪತ್ರೆಗೆ ಸೇರಿಸಿ ಅಕ್ಕ ವಾಪಸು ಬಂದಾಗ ಅಂಗಳದಲ್ಲಿ ಗುಂಪು ಸೇರಿತ್ತು. ಮೇಸ್ತ್ರಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ತಂಗಿಯ ಗಂಡ, ಬಾಯ್ಲರಿಗೆ ಬೆಂಕಿ ಹಾಕುವವನು, ಕಬ್ಬಿಣದ ಸಲಾಕೆ ಎತ್ತಿದ್ದ.

"ಅಕ್ಕ, ಪಕ್ಕಕ್ಕೆ ಹೋಗು. ಇವನ ಕೈನೂ ಅದೇ ಮಿಷನ್‌ಗೆ ಕೊಡ್ತೀನಿ."

ಅಕ್ಕ ಪಕ್ಕಕ್ಕೆ ಸರಿಯಲಿಲ್ಲ. ಮೇಸ್ತ್ರಿಗೆ ಅಡ್ಡ ಹೋಗಿ ನಿಂತಳು. "ಕೊಟ್ರೆ ಅವಳ ಬೆರಳು ಬರುತ್ತಾ? ಇಡು ಕೆಳಗೆ."

"ನೀನ್ಯಾರ ಪರ?"

"ನಿನ್ನ ಪರಾನೇ ಕಣೋ. ಇನ್ಮೇಲೆ ಅವಳಿಗೆ ತುತ್ತು ತಿನ್ನಿಸೋನು ನೀನು. ಜೈಲಲ್ಲಿ ಕೂತು ತಿನ್ನಿಸ್ತೀಯಾ? ಕೇಡಿಗೆ ಕೇಡು ಮಾಡಬೇಡಿ ಅಂತ ಬೈಬಲ್ ಓದೋದು ಭಾನುವಾರಕ್ಕೆ ಮಾತ್ರ ಅಲ್ಲ."

ಸಲಾಕೆ ಕೆಳಗಿಳಿಯಿತು. ಅವನು ಕುಸಿದು ಕೂತು ಮಗುವಿನ ಹಾಗೆ ಅತ್ತ.

ಅಲ್ಲಿಯವರೆಗೆ ತನ್ನ ರೂಮಿನ ಕಿಟಕಿಯಿಂದ ನೋಡುತ್ತಿದ್ದ ಕಾರ್ಖಾನೆಯ ಧಣಿ ಈಗ ಹೊರಗೆ ಬಂದ. "ಇವಳಿಂದ ಕಲೀರಿ ಎಲ್ರೂ. ವೈರೀನೂ ಪ್ರೀತಿಸಬೇಕು ಅಂತ ದೇವರ ಮಾತೇ ಇದೆ. ಇವಳೇ ಕ್ಷಮಿಸಿದ ಮೇಲೆ ಇನ್ನೇನು? ನಡೀರಿ, ಮಿಷನ್ ಶುರು ಮಾಡಿ."

ಅಕ್ಕ ನಿಧಾನವಾಗಿ ತಿರುಗಿದಳು. "ಹೊಡೀಬೇಡಿ ಅಂದೆ ಸ್ವಾಮಿ. ದುಡೀತೀವಿ ಅನ್ಲಿಲ್ಲ. ಜಾಲರಿ ಹಾಕೋವರೆಗೆ ಆ ಮಿಷನ್ ಯಾರೂ ಮುಟ್ಟಲ್ಲ."

"ಹೀಗೆ ಹಟ ಮಾಡಿ ಅಂತಾನೂ ಬರೆದಿದೆಯಾ ಅದರಲ್ಲಿ?"

"ಬಾಯಿ ಮುಚ್ಕೊಂಡಿರಿ ಅಂತ ಎಲ್ಲೂ ಬರೆದಿಲ್ಲ."

ಅಷ್ಟು ಹೇಳಿ ಒಳಗೆ ಹೋಗಿ ಯಂತ್ರದ ಮುಂದೆ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ತಂಗಿಯ ಗಂಡ ಬಂದು ಕೂತ. ಒಗೆಯುವವರು, ಒಣಗಿಸುವವರು, ಮಡಚುವವರು ಒಬ್ಬೊಬ್ಬರಾಗಿ ಬಂದರು. ಯಾರೂ ಕೂಗಲಿಲ್ಲ.

ಧಣಿಯ ಹಿಂದೆ ಮೇಸ್ತ್ರಿಯೂ ಗೋಡೆ ಬಿಟ್ಟು ಒಳಗೆ ಬಂದ. "ಧಣೀ, ಜಾಲರಿ ನಿಮ್ಮ ರೂಮಲ್ಲೇ ಇದೆ. ತೆಗಿ ಅಂದೋರು ನೀವೇ."

"ಹಾಗೋ? ನಿನಗೆ ನಾಳೆಯಿಂದ ಕೆಲಸ ಇಲ್ಲ" ಎಂದು ಧಣಿ ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಮೇಸ್ತ್ರಿ ನಿಂತೇ ಇದ್ದ. ಅವನಿಗೆ ಜಾಗ ಬಿಡಲು ಯಾರೂ ಅಲುಗಲಿಲ್ಲ. ಅಕ್ಕ ಅವನ ಮುಖ ನೋಡಿದಳು. ಎದೆಯೊಳಗೆ ಎಷ್ಟು ಹುಡುಕಿದರೂ ಪ್ರೀತಿ ಎಂಬುದು ಸಿಗಲಿಲ್ಲ. ತಂಗಿಯ ಚೀರಾಟ ಇನ್ನೂ ಕಿವಿಯಲ್ಲೇ ಇತ್ತು.

ಆದರೂ ಸೆರಗು ಎಳೆದುಕೊಂಡು ಕೊಂಚ ಸರಿದಳು.

"ಕೂತ್ಕೋ" ಎಂದಳು.