ಹೊಂಡದ ಕಾಟ್ಲಾ

"ಇಸ ಆಕಿದ್ದು ನೀನೇ ಕಣ್ಲಾ ಪಾಪಯ್ಯ. ಒಲದ್ ಬದಿನ್ ಜಗಳದ ಸೇಡು ತೀರಿಸ್ಕಂಡೆ. ಈಗ್ಲೇ ಸ್ಟೇಷನ್‌ಗೆ ಓಯ್ತೀನಿ."

ಹರದನಹಳ್ಳಿಯ ತೋಟದ ಮನೆಯ ಪಕ್ಕ, ತನ್ನ ಕೃಷಿಹೊಂಡದ ದಂಡೆಯಲ್ಲಿ ನಿಂತು ರಾಮಣ್ಣ ಕೂಗಾಡುತ್ತಿದ್ದ. ವಾರದಿಂದ ಕಾಟ್ಲಾ ಮೀನುಗಳು ಬಡಕಲಾಗಿ, ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೋಪ ಬಂದರೆ ರಾಮಣ್ಣನಿಗೆ ಹಿಂದೆ ಮುಂದೆ ನೋಡುವ ಅಭ್ಯಾಸವಿಲ್ಲ. ಊರಿನ ನಾಲ್ಕು ಜನ ಸೇರಿದ್ದೇ ತಡ, ಪಕ್ಕದ ಹೊಲದ ಪಾಪಯ್ಯನನ್ನು ಬಾಯಿಗೆ ಬಂದ ಹಾಗೆ ಬೈದ.

ಪಾಪಯ್ಯ ತಿರುಗಿ ಬೈಯಲಿಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಇನ್ನೂ ಬಾಯಿ ಬಿಡುತ್ತಿದ್ದ ಒಂದು ಮೀನನ್ನು ಹಿಡಿದು ತಂದ.

"ನಾನ್ ಇಸ ಆಕಿದ್ರೆ ಇದನ್ನ ತಿಂದು ಸಾಯ್ತೀನಿ. ಎಲ್ರೂ ನೋಡ್ಲಿ. ಅನುಶ್ರೀ, ಒಂದ್ ಬಾಣ್ಲೆ, ಉಪ್ಪು ಕಾರ ಕೊಡವ್ವ."

ರಾಮಣ್ಣನ ಸೊಸೆ ಅನುಶ್ರೀ ಹೆದರುತ್ತಲೇ ತಂದುಕೊಟ್ಟಳು.

ಪಾಪಯ್ಯ ಮೀನಿನ ಹೊಟ್ಟೆ ಸೀಳಿದರೆ ಒಳಗೆ ಮೇವಿಗೆ ಹಾಕಿದ ತೌಡಿರಲಿಲ್ಲ. ಗುಲಾಬಿ, ನೀಲಿ ಎಳೆಗಳು ಉಂಡೆಗಟ್ಟಿ ಕರುಳನ್ನು ಬಿಗಿದಿದ್ದವು. "ಇದೇನಯ್ಯ ಇದು" ಎಂದು ಜನ ಬಗ್ಗಿ ನೋಡಿದರು. ಯಾರಿಗೂ ತಿಳಿಯಲಿಲ್ಲ.

ರಾಮಣ್ಣನಿಗೆ ಮಾತ್ರ ಗೊತ್ತಾಯಿತು. ಅನುಶ್ರೀ ಹೊಳೆನರಸೀಪುರದ ಹಾಸ್ಟೆಲ್‌ಗಳಿಂದ ಹೊದಿಕೆ ತಂದು ಮೆಷಿನ್ನಿನಲ್ಲಿ ಒಗೆದು ಕೊಡುತ್ತಿದ್ದಳು. ಎಲ್ಲ ಗುಲಾಬಿ, ನೀಲಿ ಪಾಲಿಯೆಸ್ಟರ್ ಹೊದಿಕೆ, ಒಗೆದಷ್ಟೂ ಎಳೆಎಳೆಯಾಗಿ ಜೂಲು ಉದುರಿಸುವಂಥವು. ಆ ನೀರು ಯಾಕೆ ಪೋಲಾಗಬೇಕೆಂದು ಪೈಪ್ ಎಳೆದು ಹೊಂಡಕ್ಕೆ ಬಿಟ್ಟ ಮಹಾನುಭಾವ ಬೇರೆ ಯಾರೂ ಅಲ್ಲ, ತಾನೇ. ಸೊಸೆಯ ಕಡೆ ನೋಡಿದ. ಅವಳೂ ಬಣ್ಣ ಗುರುತಿಸಿದ್ದಳು. ಮಾವ ಈಗಲಾದರೂ ಹೇಳಲಿ ಎಂದು ಅವನನ್ನೇ ನೋಡುತ್ತಿದ್ದಳು. ಇಷ್ಟು ಜನರ ಮುಂದೆ ಹೇಗೆ ಹೇಳುವುದು? ನಾಚಿಕೆಯಿಂದ ಅವನು ಮುಖ ಆಚೆ ತಿರುಗಿಸಿದ.

ಪಾಪಯ್ಯ ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿದ. ಮೀನು ಬೆಂದಿತು. ಬಾಳೆಲೆಗೆ ಹಾಕಿಕೊಂಡು, ಒಂದು ತುಂಡು ಮುರಿದು ಬಾಯಿಗೆ ಒಯ್ಯುವಾಗ ರಾಮಣ್ಣ ಮುನ್ನುಗ್ಗಿ ಅವನ ಕೈ ಹಿಡಿದ.

"ಬ್ಯಾಡ ಕಣ್ ಪಾಪಯ್ಯ. ಯಾರೂ ಇಸ ಆಕಿಲ್ಲ. ನಮ್ಮನೆ ಮೆಷಿನ್ ನೀರಿನ ಜೂಲು ಅದು. ನಾನೇ ಬುಟ್ಟಿದ್ದು."

"ಗೊತ್ತಾಯ್ತಲ್ಲ ಎಲ್ರಿಗೂ. ತಿಂತೀನಿ ಅಂದ್ ಮೇಲೆ ತಿಂತೀನಿ. ಕೈ ಬುಡು."

ರಾಮಣ್ಣ ಬಿಟ್ಟ. ಪಾಪಯ್ಯ ತುಂಡನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದ. ಮುಳ್ಳುಗಳನ್ನು ನಾಲಿಗೆಯಿಂದ ಒಂದೊಂದಾಗಿ ಬಿಡಿಸಿ ಎಲೆಯಂಚಿಗೆ ಇಡುತ್ತ ಹೋದ. ಮೀನು ಮುಗಿಯುವವರೆಗೂ ಅವನು ರಾಮಣ್ಣನ ಮುಖ ನೋಡಲಿಲ್ಲ.