ಒಂಬತ್ತು ಕಪ್ಪಿನ ತಿದ್ದುಪಡಿ

ಸುಲಭಾಳ ಕೆಲಸ ಏನೆಂದು ಅವಳ ಅತ್ತೆಗೆ ಹನ್ನೊಂದು ವರ್ಷಗಳಾದರೂ ತಿಳಿದಿರಲಿಲ್ಲ. ಪುಣೆಯ ಒಂದು ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಅವಳು ದತ್ತಾಂಶ ಅಧಿಕಾರಿ. ವಿಜ್ಞಾನಿಗಳು ಸಂಶೋಧನೆ ಮುಗಿಸಿ, ಶಾಲು ಹೊದೆಸಿಕೊಂಡು ಹೋದ ಮೇಲೆ, ಅವರು ಬಿಟ್ಟುಹೋದ ಅಂಕಿಗಳನ್ನು ಬೇರೆಯವರ ಉಪಯೋಗಕ್ಕೆ ಬರುವಂತೆ ಒಪ್ಪ ಮಾಡಿಡುವುದು ಅವಳ ಪಾಲಿಗೆ ಬಂದಿತ್ತು. "ಮದುವಿ ಮುಗದಮ್ಯಾಲೆ ಭಾಂಡೆ ತಿಕ್ಕೋ ಕೆಲಸರಿ" ಎಂದು ಕೇಳಿದವರಿಗೆ ಹೇಳುತ್ತಿದ್ದಳು.

ಈ ಸಲ ತಿಕ್ಕಬೇಕಾದ ಭಾಂಡೆ ಪ್ರೊಫೆಸರ್ ಮಾರ್ತಾಂಡರದ್ದು. ಹದಿನೆಂಟು ವರ್ಷಗಳ ಹಿಂದೆ ಪುಣೆಯ ಧನಕವಡಿ ಬಡಾವಣೆಯ ಸಾವಿರದಾರುನೂರು ಜನರ ರಕ್ತದೊತ್ತಡ ಅಳೆದು, ಊಟ-ತಿಂಡಿ ವಿಚಾರಿಸಿ, ಅವರು ಒಂದು ಪ್ರಬಂಧ ಬರೆದಿದ್ದರು. ದಿನಕ್ಕೆ ಒಂಬತ್ತು ಕಪ್ ಚಹಾ ಕುಡಿಯುವವರ ರಕ್ತದೊತ್ತಡ ಎಲ್ಲರಿಗಿಂತ ಚೆನ್ನಾಗಿದೆ ಎಂಬುದು ಅದರ ಸಾರ. ಪತ್ರಿಕೆಗಳು ಅದನ್ನು ಎತ್ತಿ ಕುಣಿದಾಡಿದ್ದವು. ಸದಾಶಿವ ಪೇಠದ ಚಹಾದಂಗಡಿಯವನೊಬ್ಬ ಸುದ್ದಿಯನ್ನು ಕತ್ತರಿಸಿ ಗಾಜಿನ ಚೌಕಟ್ಟು ಹಾಕಿಸಿದ್ದ. ಸ್ವತಃ ಮಾರ್ತಾಂಡರು ಅಂದಿನಿಂದ ದಿನಕ್ಕೆ ಒಂಬತ್ತು ಕಪ್ ವ್ರತದಂತೆ ಕುಡಿಯುತ್ತ, ಅದರ ಜೊತೆಗೆ ಪಿತ್ತದ ಗುಳಿಗೆಯನ್ನೂ ನುಂಗುತ್ತಿದ್ದರು.

ಈಗ ಹಳೆಯ ಅಧ್ಯಯನಗಳ ಅಂಕಿಗಳನ್ನೆಲ್ಲ ಹೆಸರು ಅಳಿಸಿ ಹೊರಗಿನವರಿಗೂ ತೆರೆದಿಡಬೇಕೆಂದು ಸಂಸ್ಥೆಯಲ್ಲಿ ನಿಯಮ ಬಂದಿತ್ತು. ಮಾರ್ತಾಂಡರು ಹೆಣ್ಣು ಕೊಡುವ ಮಾವನ ಮುಖ ಮಾಡಿಕೊಂಡು ಫೈಲು ಕೊಟ್ಟರು. ಸುಲಭಾ ತೆರೆದು ನೋಡಿದಳು. ಚಹಾದ ಕಾಲಮ್ಮಿನಲ್ಲಿ ಒಂದರಿಂದ ಒಂಬತ್ತರವರೆಗೆ ಎಲ್ಲ ಅಂಕಿಗಳೂ ಇದ್ದವು, ಸೊನ್ನೆ ಮಾತ್ರ ಇರಲಿಲ್ಲ. ಪುಣೆಯಲ್ಲಿ ಚಹಾದ ಹುಚ್ಚು ಜಾಸ್ತಿ, ನಿಜ. ಆದರೆ ಸಾವಿರದಾರುನೂರು ಜನರಲ್ಲಿ ಚಹಾ ಮುಟ್ಟದವನು ಒಬ್ಬನೂ ಇಲ್ಲವೇ? ಏಳು ಕಪ್ಪಿನವರು ಆರು ಜನ, ಎಂಟು ಕಪ್ಪಿನವರು ಇಬ್ಬರು, ಒಂಬತ್ತಕ್ಕೆ ಇದ್ದಕ್ಕಿದ್ದಂತೆ ನೂರಾ ನಲವತ್ಮೂರು ಜನ!

ಉಗ್ರಾಣದಲ್ಲಿ ಜನರ ಉತ್ತರ ಬರೆದುಕೊಂಡಿದ್ದ ಹಳೆಯ ಫಾರಮ್‌ಗಳ ಗಂಟು ಸಿಕ್ಕಿತು. ಪ್ರತಿ ಫಾರಮ್ಮಿನ ಕೆಳಗೂ ಒಂದೇ ರುಜು, ಶಿವಬಸವ್ವ. ಮನೆಮನೆ ತಿರುಗಿ ಪ್ರಶ್ನೆ ಕೇಳಿದಾಕೆ. ನಿವೃತ್ತಳಾಗಿ ಧನಕವಡಿಯಲ್ಲೇ ಇದ್ದಾಳೆಂದು ತಿಳಿದು ಸುಲಭಾ ಶನಿವಾರ ಸ್ಕೂಟರ್ ಹತ್ತಿದಳು.

ಶಿವಬಸವ್ವ ಬಾಗಿಲಲ್ಲೇ ಮೆಂತ್ಯ ಸೊಪ್ಪು ಸೋಸುತ್ತ ಕುಳಿತಿದ್ದಳು. ಒಂಬತ್ತು ಕಪ್ಪಿನವರ ಪ್ರಶ್ನೆ ಕೇಳಿ ಜೋರಾಗಿ ನಕ್ಕು, ಪುಣೆಯ ರೂಢಿಯಂತೆ ಅವಳನ್ನು 'ಬಾಯಿ' ಎಂದು ಕರೆದೇ ಉತ್ತರಿಸಿದಳು.

"ಒಂಬತ್ತು ಅಂದ್ರ ಚಹಾ ಕುಡಿಯೂದಿಲ್ಲ ಅಂತರಿ ಬಾಯಿ!"

"ಅಂದ್ರ? ಸೊನ್ನೆ ಯಾಕ ಬರೀಲಿಲ್ಲ ಅಕ್ಕಾರ?"

"ಆಫೀಸಿನ ಆ ಹಾಳ ಕಂಪ್ಯೂಟರ್ ಸೊನ್ನಿ ತಗೋತಿದ್ದಿಲ್ಲ. ಖಾಲಿ ಬಿಟ್ರ ಕುಂಯ್ ಅಂತಿತ್ತು. ಒಂಬತ್ತ ಕಪ್ ಯಾರ ಕುಡೀತಾರ, ಅದನ್ನ ಹಾಕೋಣು ಅಂದ್ವಿ. ಒಬ್ಬ ರಿಕ್ಷಾದಾಂವ ಸುಖೇಶ ಅಂತ ಇದ್ದ, ಅಂವಾ ಹನ್ನೊಂದು ಕುಡೀತಿದ್ದ. ಕಂಪ್ಯೂಟರ್ ಎರಡಂಕಿನೂ ಹಿಡೀತಿದ್ದಿಲ್ಲ, ಅವಂಗ ಎಂಟು ಅಂತ ಬರಕೊಂಡೆ."

ಸುಲಭಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹದಿನೆಂಟು ವರ್ಷ ಪುಣೆಗೆ ಚಹಾ ಕುಡಿಸಿದ ವಿಜ್ಞಾನವು ಚಹಾ ಬಿಟ್ಟವರ ಮೇಲೆ ನಿಂತಿತ್ತು.

"ಸರ್‌ಗೆ ಹೇಳಿದ್ರೇನು?"

"ಚೀಟಿ ಬರದು ಕೈಯಾಗ ಕೊಟ್ಟೀನಿ. ಫಾರಮ್ ಹಿಂದನೂ ಬರದೀನಿ, ಯಾಕ ಕುಡಿಯೂದಿಲ್ಲ ಅಂತ. ಆದ್ರ ಬಾಯಿ, ಆ ಹಿಂದಿನ ಬರಹ ಯಾರಿಗೂ ತೋರಸಬ್ಯಾಡ್ರಿ. ನಂಬಿ ಹೇಳ್ಯಾರ, ನಾ ಮಾತ ಕೊಟ್ಟೀನಿ."

ಸೋಮವಾರ ಸುಲಭಾ ಒಬ್ಬಳೇ ಕೋಣೆಯ ಬಾಗಿಲು ಹಾಕಿಕೊಂಡು ಫಾರಮ್‌ಗಳನ್ನು ಮಗುಚಿದಳು. "ಹೊಟ್ಟೆಯುರಿ." "ಗಂಡ ಸತ್ತಾಗಿನಿಂದ ಬಿಟ್ಟಾಳೆ." "ಅತ್ತೆ ಸಕ್ಕರೆ ಡಬ್ಬಿಗೆ ಕೀಲಿ ಹಾಕುತ್ತಾಳೆ, ಕುಡಿಯುವ ಆಸೆ ಬಹಳ." ಈ ಕೊನೆಯದನ್ನು ಅವಳು ಎರಡು ಸಲ ಓದಿದಳು. ನೂರಾ ನಲವತ್ಮೂರರಲ್ಲಿ ನೂರಾ ನಲವತ್ತೊಂದಕ್ಕೆ ಇಂಥ ಟಿಪ್ಪಣಿ ಇತ್ತು. ಆ ಸಂಖ್ಯೆಯೊಂದನ್ನೇ ಬರೆದುಕೊಂಡು ಗಂಟು ಕಟ್ಟಿದಳು.

ಮಾರ್ತಾಂಡರು ಕೇಳಿ ಕೆಂಪಾದರು. "ಆ ಕಾಲಮ್ ತಗದುಬಿಡ್ರಿ. ಚಹಾ ಇಲ್ಲದ ಉಳದದ್ದು ಕೊಡ್ರಿ."

"ತಗಿಯೂದಕ್ಕ ಬರೂದಿಲ್ಲ ಸರ್. ನಿಮ್ಮ ಪ್ರಬಂಧನ ಚಹಾದ ಮ್ಯಾಲೆ ಅದ."

"ಹದಿನೆಂಟು ವರ್ಷದ ಹಿಂದಿಂದು ಒಬ್ಬ ಮುದುಕಿ ನೆನಪಿಟ್ಟು ಹೇಳ್ತಾಳಂದ್ರ ಅದು ಪುರಾವೆ ಏನ್ರಿ?"

ವಿಷಯ ಸಂಸ್ಥೆಯ ನೈತಿಕ ಸಮಿತಿಗೆ ಹೋಯಿತು. ಅಧ್ಯಕ್ಷೆ ದೀಪಾಲಿ ಮೇಡಂ ಶಿವಬಸವ್ವಳನ್ನೇ ಕರೆಸಿದರು. ಅವಳು ಇಳಕಲ್ ಸೀರೆ ಉಟ್ಟುಕೊಂಡು ಬಂದು, ಬಿಸ್ಕೀಟು ತಿಂದು, ನಡೆದದ್ದನ್ನೆಲ್ಲ ಮರಾಠಿಯಲ್ಲಿ ಸರಸರ ಹೇಳಿದಳು. ಸದಸ್ಯರೊಬ್ಬರು ಫಾರಮ್‌ಗಳ ಹಿಂಬದಿ ನೋಡಬೇಕೆಂದರು. ಸುಲಭಾ ಎದ್ದು ನಿಂತಳು. ಅಂಕಿಗಳನ್ನು ಹಂಚುವುದಕ್ಕೆ ಆ ಜನ ಒಪ್ಪಿದ್ದಾರೆ, ಮನೆಯ ಮಾತು ಹಂಚುವುದಕ್ಕೆ ಒಪ್ಪಿಲ್ಲ, ಬೇಕಾದರೆ ಸಮಿತಿಯ ಒಬ್ಬರು ತನ್ನ ಕೋಣೆಗೆ ಬಂದು ಎಣಿಸಿಕೊಂಡು ಹೋಗಲಿ ಎಂದಳು. ದೀಪಾಲಿ ಮೇಡಂ ತಾವೇ ಹೋದರು. ಮುಕ್ಕಾಲು ಗಂಟೆ ಬಿಟ್ಟು ಬಂದು, "ಲೆಕ್ಕ ಸರಿ ಇದೆ" ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು.

ಮಾರ್ತಾಂಡರು ಇನ್ನೂ ಗುರುಗುಟ್ಟುತ್ತಿದ್ದರು. ಆಗ ಶಿವಬಸವ್ವ ಕನ್ನಡದಲ್ಲಿ, ಮನೆಯವರನ್ನು ಮಾತಾಡಿಸುವಂತೆ ಅವರ ಕಡೆ ತಿರುಗಿದಳು.

"ಸಾಹೇಬ್ರ, ಅವತ್ತು ನೀವು ಜೀಪಿನ್ಯಾಗ ಕುಂತಿದ್ರಿ. ನಾ ಚೀಟಿ ಕೊಟ್ಟೆ. 'ಆಮ್ಯಾಲೆ ನೋಡೂಣು ಶಿವಬಸವ್ವಾ' ಅಂದು ಕಿಸೇದಾಗ ಇಟಗೊಂಡ್ರಿ. ಬಿಳಿ ಅಂಗಿ ಇತ್ತು."

ಮಾರ್ತಾಂಡರ ಕೈ ತಾನಾಗಿ ಎದೆಯ ಜೇಬಿನ ಮೇಲೆ ಹೋಯಿತು. ಅಂಗಿ ದೋಬಿಗೆ ಹೋಗಿದ್ದು, ಚೀಟಿ ಮುದ್ದೆಯಾಗಿ ಬಂದಿದ್ದು ಎಲ್ಲಾ ನೆನಪಾಯಿತೋ ಏನೋ. ಕೊನೆಗೆ ಸಮಿತಿಯ ಕಡೆ ತಿರುಗಿ, ತಡವರಿಸುತ್ತ, "ಹೌದು. ಕೊಟ್ಟಿದ್ದಳು" ಎಂದರು. ಆ ಎರಡು ಮಾತು ಹೇಳಲು ಅವರು ಪಟ್ಟ ಕಷ್ಟ ನೋಡಿ ಸುಲಭಾಳಿಗೆ ಮೊದಲ ಬಾರಿ ಅವರ ಮೇಲೆ ಗೌರವ ಹುಟ್ಟಿತು.

ತಿದ್ದುಪಡಿಯನ್ನು ಅವರೇ ಬರೆದರು. ಒಂಬತ್ತು ಎಂದರೆ ಸೊನ್ನೆ, ತಪ್ಪು ತನ್ನದು, ಸರಿಯಾದ ಅರ್ಥ ತಿಳಿಸಿದ ಕ್ಷೇತ್ರ ಸಿಬ್ಬಂದಿಗೆ ಹೆಸರು ಹಿಡಿದು ಕೃತಜ್ಞತೆ. ಯಾವ ಪತ್ರಿಕೆಯೂ ಅದನ್ನು ಎತ್ತಿ ಕುಣಿದಾಡಲಿಲ್ಲ. ಅಂಕಿಗಳನ್ನು ತೆರೆದಿಟ್ಟ ಮೊದಲ ವಾರ ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡವರು ನಾಲ್ಕೇ ಜನ, ಅವರಲ್ಲಿ ಒಬ್ಬಳು ಸುಲಭಾ.

ಅಚ್ಚಾದ ಪುಟ ಹಿಡಿದು ಅವಳು ಧನಕವಡಿಗೆ ಹೋದಳು. ಶಿವಬಸವ್ವ ಹಾಳೆಯನ್ನು ದೂರ ಹಿಡಿದು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು.

"ಶ್ರೀ... ಶಿವ... ಬಸವ." ತಲೆ ಎತ್ತಿದಳು. "ಬಾಯಿ, ನನ್ನ ಗಂಡಸ ಮಾಡಿಬಿಟ್ಟಾರಲ್ಲ!"

ಸುಲಭಾ ಹಾಳೆ ಇಸಿದುಕೊಂಡು ನೋಡಿದಳು. ನಿಜವೇ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಫೋನು ತೆಗೆದು, ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ಬೇಕೆಂದು ಸಂಪಾದಕರಿಗೆ ಬರೆಯಲು ಶುರು ಮಾಡಿದಳು. ಶಿವಬಸವ್ವ ಪಕ್ಕದಲ್ಲಿ ಬಗ್ಗಿ ನಿಂತು, ಒಂದೊಂದು ಅಕ್ಷರವನ್ನೂ ಹೇಳಿ ಬರೆಸಿದಳು.